ಕೂತಲ್ಲಿಂದ ಏಳದ ದರ್ಜಿಯೂ ನಾನೂರ ಹನ್ನೆರಡು ಮೆಟ್ಟಿಲೂ

ನಿಮ್ಮ ಬೀದಿಯಲ್ಲೂ ಒಬ್ಬ ದರ್ಜಿ ಇದ್ದೇ ಇರುತ್ತಾನೆ. ಬೆಳಿಗ್ಗೆ ನೀವು ಹಾಲು ತರಲು ಹೋಗುವಾಗ ಮಷೀನಿನ ಮುಂದೆ ಕೂತಿರುತ್ತಾನೆ, ಸಂಜೆ ತರಕಾರಿ ಚೀಲ ಹಿಡಿದು ವಾಪಸ್ಸು ಬರುವಾಗಲೂ ಅಲ್ಲೇ ಕೂತಿರುತ್ತಾನೆ. ಆದರೆ ನಾನು ಹೇಳಹೊರಟಿರುವ ದರ್ಜಿ ಇದ್ದಾನಲ್ಲ, ಕೂರುವ ವಿಷಯದಲ್ಲಿ ಅವರಿಗೆಲ್ಲ ಗುರು. ಒಮ್ಮೆ ಸ್ಟೂಲಿನ ಮೇಲೆ ಕೂತನೆಂದರೆ ಮುಗಿಯಿತು, ಬೀದಿಗೆ ಬೀದಿಯೇ ಎದ್ದು ಹೋದರೂ ಅವನು ಏಳುತ್ತಿರಲಿಲ್ಲ. ಟೈಲರಣ್ಣ ಕೂತ ಅಂದರೆ ಕಲ್ಲು ಕೂತ ಹಾಗೆ ಎಂದು ಅಕ್ಕಪಕ್ಕದವರು ಆಡಿಕೊಳ್ಳುತ್ತಿದ್ದರು. ಅವನು ಅದನ್ನು ಹೊಗಳಿಕೆ ಎಂದೇ ತಿಳಿದಿದ್ದ.

ಹೆಮ್ಮೆಪಡಲು ಅವನಿಗೆ ಕಾರಣವೂ ಇತ್ತೆನ್ನಿ. ಆ ಊರಿನ ಶಾಲೆಯ ಸಮವಸ್ತ್ರ ಪೂರ್ತಿ ಅವನ ಕೈಯಿಂದಲೇ ಬರುತ್ತಿತ್ತು. ಕಾಲರಿನ ಮೂಲೆ ಎಂದರೆ ಮೂಲೆ, ಕಿಸೆಯ ಗೆರೆ ಎಂದರೆ ಗೆರೆ. ಎಲ್ಲಕ್ಕಿಂತ ಹೆಚ್ಚಾಗಿ, ಹೇಳಿದ ದಿನಕ್ಕೆ ಬಟ್ಟೆ ಕೊಡುತ್ತಿದ್ದ. ಹೇಳಿದ ದಿನಕ್ಕೆ ಬಟ್ಟೆ ಕೊಡುವ ದರ್ಜಿಯನ್ನು ನೀವು ಎಲ್ಲಾದರೂ ನೋಡಿದ್ದೀರಾ? ನಾನಂತೂ ಈ ಒಬ್ಬನನ್ನೇ ನೋಡಿದ್ದು. ಅದು ತನ್ನಿಂದ ಹೇಗೆ ಸಾಧ್ಯವಾಯಿತು ಎಂದು ಅವನು ಬಂದವರಿಗೆಲ್ಲ ವಿವರಿಸುತ್ತಿದ್ದ. ನಾನು ಎದ್ದು ಓಡಾಡಿ ಹೊತ್ತು ಹಾಳುಮಾಡುವುದಿಲ್ಲ, ಅದೇ ನನ್ನ ಗುಟ್ಟು ಎನ್ನುತ್ತಿದ್ದ.

ಮಷೀನಿನ ಹೊಟ್ಟೆಯೊಳಗೆ ಕೂರುವ ಪುಟ್ಟ ದಾರದ ಉರುಳೆಗೆ ಬಾಬಿನ್ ಎನ್ನುತ್ತಾರೆ. ಅದು ಹೆಚ್ಚೂಕಡಿಮೆ ಅರ್ಧ ಗಂಟೆಗೊಮ್ಮೆ ಖಾಲಿಯಾಗುತ್ತದೆ. ಬೇರೆ ದರ್ಜಿಗಳು ಆಗಲಾದರೂ ಎದ್ದು ಮೈ ಮುರಿದು ನಾಲ್ಕು ಹೆಜ್ಜೆ ಹಾಕುತ್ತಾರೆ. ಈ ಮಹಾನುಭಾವ ಅದಕ್ಕೂ ಉಪಾಯ ಹುಡುಕಿದ್ದ. ಬೆಳಿಗ್ಗೆಯೇ ಹೆಂಡತಿಯಿಂದ ಇಪ್ಪತ್ತು ಬಾಬಿನ್‌ಗಳಿಗೆ ದಾರ ಸುತ್ತಿಸಿ, ಡಬ್ಬಿಗೆ ತುಂಬಿ, ಮೊಣಕೈ ಪಕ್ಕದಲ್ಲೇ ಇಟ್ಟುಕೊಳ್ಳುತ್ತಿದ್ದ. ಆರು ವರ್ಷದ ಹಿಂದೆ ಮಷೀನಿಗೆ ಮೋಟಾರು ಕೂರಿಸಿದ ಮೇಲೆ ತುಳಿಯುವ ಕೆಲಸವೂ ತಪ್ಪಿತು, ಕಾಲಿನ ಹೆಬ್ಬೆರಳು ಒತ್ತಿದರೆ ಸಾಕು. ಮನೆ ಇದ್ದದ್ದು ಅಂಗಡಿಯ ಮೇಲೆಯೇ, ಹದಿನೆಂಟು ಮೆಟ್ಟಿಲು ಅಷ್ಟೆ. ಆದರೂ ಮಧ್ಯಾಹ್ನದ ಊಟ ಕೆಳಗೇ ಇಳಿದು ಬರುತ್ತಿತ್ತು. ಕೂತು ತಿಂದರೆ ಕುಡಿಕೆ ಹೊನ್ನು ಸಾಲದು ಎಂದು ಹೆಂಡತಿ ಚುಚ್ಚಿದರೆ, ಆ ಗಾದೆ ಸೋಮಾರಿಗಳಿಗೆ ಕಣೇ, ನಾನು ಕೂತು ದುಡಿಯುವವನು ಎಂದು ತುತ್ತು ಬಾಯಿಗಿಡುತ್ತಿದ್ದ.

ಅವನಿಗೆ ಒಬ್ಬಳೇ ಮಗಳು, ಹನ್ನೊಂದು ವರ್ಷ. ಮಾತಾಡುವುದು ಕಡಿಮೆ, ಆಡಿದರೆ ನೇರ ಚುಚ್ಚುವ ಮಾತು. ಅದಕ್ಕೇ ಮನೆಯಲ್ಲಿ ಎಲ್ಲರೂ ಅವಳನ್ನು ಸೂಜಿ ಎಂದೇ ಕರೆಯುತ್ತಿದ್ದರು. ಶಾಲೆ ಬಿಟ್ಟೊಡನೆ ಅಂಗಡಿಗೆ ಬಂದು ಮೂಲೆಯ ಬೆಂಚಿನ ಮೇಲೆ ಕೂತಳೆಂದರೆ ಮೊದಲು ಪುಸ್ತಕ, ಆಮೇಲೆ ಮೊಬೈಲು, ದೀಪ ಹಚ್ಚುವ ತನಕ ಅಲ್ಲೇ. ನನ್ನ ಮಗಳು ಬಿಸಿಲಿಗೆ ಬೀಳಲ್ಲ, ಬೀದಿ ಸುತ್ತಲ್ಲ, ಇಟ್ಟ ಕಡೆ ಇರುತ್ತಾಳೆ ಎಂದು ದರ್ಜಿ ಗಿರಾಕಿಗಳ ಮುಂದೆ ಎದೆಯುಬ್ಬಿಸುತ್ತಿದ್ದ. ಶಾಲೆಯ ಆಟದ ಹೊತ್ತಿನಲ್ಲಿ ಅವಳು ಏನು ಮಾಡುತ್ತಾಳೆ ಎಂದು ಅವನು ಯಾವತ್ತೂ ಕೇಳಿರಲಿಲ್ಲ. ಅವಳು ಮರದ ಕೆಳಗೆ ಕೂತು ಉಳಿದವರ ಬ್ಯಾಗು ಕಾಯುತ್ತಿದ್ದಳು. ಓಡಿದರೆ ಏದುಸಿರು, ಎಲ್ಲರಿಗಿಂತ ಮೊದಲು ಔಟ್ ಆಗುವುದು ಅವಳೇ. ಪದೇ ಪದೇ ನಗೆಪಾಟಲಾಗುವುದಕ್ಕಿಂತ ಬ್ಯಾಗು ಕಾಯುವುದೇ ಮೇಲು ಎಂದುಕೊಂಡಿದ್ದಳು ಪಾಪ.

ಒಂದು ದಿನ ಸೂಜಿ ಶಾಲೆಯಿಂದ ಒಂದು ಚೀಟಿ ತಂದಳು. ಊರಾಚೆಯ ಗುಡ್ಡದ ತುದಿಯಲ್ಲಿ ಹಳೆಯ ನೀರಿನ ಟ್ಯಾಂಕಿದೆ, ಅಲ್ಲಿಯವರೆಗೆ ಆರನೇ ತರಗತಿಯ ಮಕ್ಕಳು ಹತ್ತಬೇಕು. ಮೆಟ್ಟಿಲು ನಾನೂರ ಹನ್ನೆರಡು. ಪ್ರತಿ ಮಗುವಿನ ಜೊತೆ ಮನೆಯ ಹಿರಿಯರೊಬ್ಬರು ಹತ್ತಲೇಬೇಕು, ಹಿರಿಯರಿಲ್ಲದ ಮಕ್ಕಳು ಕೆಳಗೇ ಉಳಿಯಬೇಕು. ಇನ್ನೂ ಹತ್ತು ವಾರ ಸಮಯವಿತ್ತು. ಚೀಟಿಯಲ್ಲಿ ಹಿರಿಯರು ಯಾರು ಎಂಬ ಜಾಗದಲ್ಲಿ ಸೂಜಿ ಆಗಲೇ ದುಂಡಗೆ 'ತಂದೆ' ಎಂದು ಬರೆದಾಗಿತ್ತು.

ದರ್ಜಿ ಚೀಟಿ ಮಡಿಸಿಟ್ಟು, ಸಮವಸ್ತ್ರದ ಕೆಲಸ ಇದೆಯಲ್ಲ ಪುಟ್ಟಿ ಎಂದು ರಾಗ ಎಳೆದ. ಹೆಂಡತಿ ಮೇಲಿನಿಂದಲೇ ಕೇಳಿಸಿಕೊಂಡು, ನಾನು ಹೋಗುತ್ತೇನೆ ಬಿಡಿ ಎಂದಳು. ಅದಕ್ಕೆ ಸೂಜಿ ತಲೆ ಎತ್ತದೆ ಉತ್ತರ ಕೊಟ್ಟಳು.

"ಅಮ್ಮ ಎಲ್ಲದಕ್ಕೂ ಬರ್ತಾಳೆ. ಅಪ್ಪ ಇದುವರೆಗೂ ಒಂದಕ್ಕೂ ಬಂದಿಲ್ಲ. ಈ ಸಲ ನಮ್ಮಪ್ಪ ಬಂದೇ ಬರ್ತಾರೆ ಅಂತ ಟೀಚರಿಗೆ ಹೇಳಿ ಆಗಿದೆ."

ಆ ಮಾತು ದರ್ಜಿಗೆ ಎಲ್ಲಿ ನಾಟಬೇಕೋ ಅಲ್ಲೇ ನಾಟಿತು. ಮಾರನೆಯ ದಿನ ಮಧ್ಯಾಹ್ನ ಬೀದಿ ಖಾಲಿ ಇರುವುದನ್ನು ನೋಡಿಕೊಂಡು ಅವನು ಸದ್ದಿಲ್ಲದೆ ಎದ್ದ. ಮನೆಯ ಹದಿನೆಂಟು ಮೆಟ್ಟಿಲು ಹತ್ತಿ ಇಳಿದ. ಇನ್ನೊಮ್ಮೆ ಹತ್ತಿ ಇಳಿದ. ಮೂರನೆಯ ಸಲ ಅರ್ಧಕ್ಕೆ ಬರುವಷ್ಟರಲ್ಲಿ ಕಣ್ಣಿಗೆ ಬೆವರಿಳಿಯಿತು, ತೊಡೆ ನಡುಗಿತು, ಎದೆ ದಡದಡ ಹೊಡೆದುಕೊಂಡಿತು, ಅಲ್ಲೇ ಕುಸಿದು ಕೂತ. ದರ್ಜಿಯ ಲೆಕ್ಕ ಗೊತ್ತಲ್ಲ, ತಕ್ಷಣ ಬರುತ್ತದೆ. ಗುಡ್ಡ ಹತ್ತುವುದೆಂದರೆ ಈ ಮೆಟ್ಟಿಲನ್ನು ಇಪ್ಪತ್ತಮೂರು ಸಲ ಹತ್ತಿದ ಹಾಗೆ. ಮಗಳಿಗೆ ಏನು ಸುಳ್ಳು ಹೇಳಲಿ ಎಂದು ಅವನು ಯೋಚಿಸತೊಡಗಿದ.

ಅಷ್ಟರಲ್ಲಿ ಬಂದವಳು ನರ್ಸಮ್ಮ. ಹತ್ತಿರದ ಆಸ್ಪತ್ರೆಯವಳು, ಬೀದಿಯ ಪ್ರತಿ ಮನೆಯ ನಾಡಿ ಬಲ್ಲವಳು. ಹೊಲಿಯಲು ಕೊಟ್ಟಿದ್ದ ಬಿಳಿ ಕೋಟು ಹಾಕಿ ನೋಡಲು ಬಂದವಳು, ಸ್ಟೂಲು ಖಾಲಿ ಇರುವುದನ್ನು ಕಂಡೇ ಗಾಬರಿಯಾದಳು. ಮೆಟ್ಟಿಲ ಮೇಲೆ ಏದುಸಿರು ಬಿಡುತ್ತಿದ್ದ ದರ್ಜಿಯನ್ನು ಕಂಡು ಇನ್ನೂ ಗಾಬರಿಯಾದಳು. ಎದೆ ನೋವಿದೆಯಾ, ನೋವು ಕೈಗೆ ಹರಡುತ್ತಿದೆಯಾ, ತಲೆ ಸುತ್ತುತ್ತಿದೆಯಾ ಎಂದು ಒಂದೊಂದಾಗಿ ಕೇಳಿದಳು. ನಾಡಿ ಹಿಡಿದು ನೋಡಿದಳು. ಸುಮ್ಮನೆ ದಣಿವು ಎಂದು ಖಾತ್ರಿಯಾದ ಮೇಲೆ ಕೆಳಗಿನ ಮೆಟ್ಟಿಲ ಮೇಲೆ ತಾನೂ ಕೂತು, ಏನು ಸಮಾಚಾರ ಅಣ್ಣ ಎಂದಳು. ದರ್ಜಿ ಗುಡ್ಡದ ವಿಷಯ ಹೇಳಿದ. ಹೇಳಿದವನೇ, ಇದೆಲ್ಲ ಆಗಿಬರುವ ಕೆಲಸವಲ್ಲ ಎಂದು ಮುಗಿಸಿಯೂ ಬಿಟ್ಟ.

"ಹತ್ತು ವಾರ ಇದೆಯಲ್ಲ. ದಿನಾ ಸ್ವಲ್ಪ ಸ್ವಲ್ಪ ನಡೆದ್ರೆ ಖಂಡಿತ ಆಗುತ್ತೆ" ಎಂದಳು ನರ್ಸಮ್ಮ.

ದರ್ಜಿಗೆ ಸ್ವಲ್ಪ ಕೋಪವೇ ಬಂತು. ಇಪ್ಪತ್ತೈದು ವರ್ಷ ಮಷೀನು ತುಳಿದವನು ನಾನು, ಆ ತುಳಿತವನ್ನೆಲ್ಲ ಉದ್ದಕ್ಕೆ ಹಾಸಿದರೆ ಭೂಮಿಯನ್ನೇ ಸುತ್ತಿ ಬರಬಹುದು, ನನಗೆ ನಡೆಯಲು ಹೇಳಿಕೊಡುತ್ತೀಯಾ ಎಂದ. ನರ್ಸಮ್ಮ ನಕ್ಕಳು. ಮೋಟಾರು ಕೂರಿಸಿ ಆರು ವರ್ಷ ಆಯಿತಲ್ಲ, ಹೋದ ವರ್ಷ ಉಂಡ ಊಟ ಇವತ್ತಿನ ಹೊಟ್ಟೆಗೆ ಆಗುತ್ತದೆಯೇ ಎಂದು ಕೇಳಿದಳು. ದರ್ಜಿ ಸೋಲಬೇಕಲ್ಲ, ಕೊನೆಯ ಅಸ್ತ್ರ ತೆಗೆದ. ನನ್ನ ಮೈಗೆ ಏನೂ ಆಗಿಲ್ಲ, ಮದುವೆಯಾದ ವರ್ಷ ಹೊಲಿದುಕೊಂಡ ಪ್ಯಾಂಟು ಇವತ್ತಿಗೂ ಅಳತೆಗೆ ಸರಿಯಾಗಿದೆ, ನಮ್ಮ ಮನೆಯಲ್ಲಿ ಯಾರ ಬಟ್ಟೆಯೂ ಬಿಗಿಯಾದದ್ದೇ ಇಲ್ಲ ಎಂದ.

ಮೇಲಿನಿಂದ ಹೆಂಡತಿ ಫಕ್ಕನೆ ನಕ್ಕಳು. ಆ ಕಾಲದ್ದೇ ಇನ್ನೊಂದು ಪ್ಯಾಂಟು ಹಿಡಿದು ಕೆಳಗಿಳಿದು ಬಂದು, ಸೊಂಟದ ಒಳಮಗ್ಗುಲು ತಿರುಗಿಸಿ ನರ್ಸಮ್ಮನ ತೊಡೆಯ ಮೇಲಿಟ್ಟಳು. ಹೊಲಿಗೆ ಬಿಚ್ಚಿದ ಸಣ್ಣ ತೂತುಗಳ ಒಂದು ಸಾಲು, ಅದರ ಪಕ್ಕ ಇನ್ನೊಂದು, ಅದರಾಚೆ ಮತ್ತೊಂದು. ಒಟ್ಟು ಐದು ಸಾಲು. ಬೇರೆಯವರ ಮನೆಯಲ್ಲಿ ಬಟ್ಟೆ ಬಿಗಿಯಾದರೆ ಗೊತ್ತಾಗುತ್ತದೆ. ದರ್ಜಿಯ ಮನೆಯಲ್ಲಿ ಹೇಗೆ ಗೊತ್ತಾಗಬೇಕು? ಗುಂಡಿ ಒಂದಿಷ್ಟು ಎಳೆದಂತಾದರೆ ಸಾಕು, ಅವನು ಬಿಡುವಿನಲ್ಲಿ ಬಿಚ್ಚಿ ಒಳಗಿನ ಬಟ್ಟೆ ಬಿಟ್ಟು ಮತ್ತೆ ಹೊಲಿದುಬಿಡುತ್ತಿದ್ದ. ಅದಕ್ಕೆ ಟೇಪು ಹಿಡಿದು ಅಳೆಯುವುದೂ ಅವನಿಗೆ ಅವಮಾನ, ಮನೆಯವರದ್ದೆಲ್ಲ ಕಣ್ಣಳತೆಯಲ್ಲೇ ಆಗಬೇಕು. ಊರಿನ ಸೊಂಟವನ್ನೆಲ್ಲ ಪುಸ್ತಕದಲ್ಲಿ ಬರೆದಿಟ್ಟವನಿಗೆ ತನ್ನ ಸೊಂಟದ ಅಳತೆ ಗೊತ್ತಿರಲಿಲ್ಲ. ತನ್ನ ಬೆನ್ನು ತನಗೆ ಕಾಣದು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ನರ್ಸಮ್ಮ ಅವನನ್ನು ಹಂಗಿಸಲಿಲ್ಲ. ಸೊಂಟ ದಪ್ಪವೋ ಸಣ್ಣದೋ ಅದು ಮುಖ್ಯವಲ್ಲ, ಕಡ್ಡಿಯಂತಿರುವವರೂ ದಿನವಿಡೀ ಕೂತೇ ಇದ್ದರೆ ಹೃದಯಕ್ಕೆ ಕೆಟ್ಟದ್ದೇ ಎಂದಳು. ಕುಳಿತ ಮೈಗೆ ರಕ್ತದೊತ್ತಡ, ಸಕ್ಕರೆ ಕಾಯಿಲೆ ಬೇಗ ಗಂಟುಬೀಳುತ್ತವೆ. ಬಟ್ಟೆ ಬಿಗಿಯಾಗಿದ್ದರೆ ಎಂದೋ ಎಚ್ಚರಾಗುತ್ತಿತ್ತು, ನಿಮ್ಮ ಕೈಚಳಕವೇ ನಿಮಗೆ ಸುದ್ದಿ ಮುಟ್ಟಲು ಬಿಡಲಿಲ್ಲ ಅಣ್ಣ ಎಂದಳು. ದರ್ಜಿ ಪ್ಯಾಂಟಿನ ಆ ಐದು ಸಾಲುಗಳ ಮೇಲೆ ಬೆರಳಾಡಿಸಿದ. ಆಮೇಲೆ, ಎಷ್ಟು ನಡೆಯಬೇಕು ಎಂದು ಮೆಲ್ಲಗೆ ಕೇಳಿದ.

"ದೊಡ್ಡೋರಿಗೆ ವಾರಕ್ಕೆ ಕಡಿಮೆ ಅಂದ್ರೂ ನೂರೈವತ್ತು ನಿಮಿಷ ಬೇಕು. ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ ಅಂದ್ಕೊಳ್ಳಿ. ಕಾಲೆಳ್ಕೊಂಡು ಹೋಗೋದಲ್ಲ, ಬಿರುಸಾಗಿ ನಡೀಬೇಕು. ಜೊತೇಲಿರೋರ ಹತ್ರ ಮಾತಾಡೋಕೆ ಆಗ್ಬೇಕು, ಆದ್ರೆ ಹಾಡು ಹೇಳೋಕೆ ಉಸಿರು ಸಾಲಬಾರ್ದು. ಅದೇ ಅಳತೆ."

ಅಳತೆ ಎಂಬ ಮಾತು ಕೇಳಿ ದರ್ಜಿಯ ಕಿವಿ ನಿಮಿರಿತು. ಅರ್ಧ ಗಂಟೆಯನ್ನು ತುಂಡು ಮಾಡಬಹುದೇ ಎಂದು ವಿಚಾರಿಸಿದ. ಧಾರಾಳವಾಗಿ ಮಾಡಬಹುದು, ಬೆಳಿಗ್ಗೆ ಹತ್ತು ನಿಮಿಷ, ಮಧ್ಯಾಹ್ನ ಹತ್ತು, ಸಂಜೆ ಹತ್ತು, ಹನಿಗೂಡಿದರೆ ಹಳ್ಳ ಎಂದಳು ನರ್ಸಮ್ಮ. ಓಟದಂಥ ಜೋರಿನ ಕೆಲಸವಾದರೆ ಅದರ ಅರ್ಧ ಹೊತ್ತು ಸಾಕು. ಇದಲ್ಲದೆ ವಾರದಲ್ಲಿ ಎರಡು ದಿನ ಕೈಕಾಲು, ಬೆನ್ನಿಗೆ ಬಲ ಬರುವ ಕೆಲಸವೂ ಬೇಕು. ಭಾರ ಎತ್ತುವುದು, ಗೋಡೆಗೆ ಕೈಕೊಟ್ಟು ತಳ್ಳುವುದು, ಸ್ಟೂಲಿನಿಂದ ಕೈ ಊರದೆ ಹತ್ತು ಸಲ ಎದ್ದು ಕೂರುವುದು, ಹೀಗೆ ಯಾವುದಾದರೂ ಆದೀತು. ನಾನು ಮನೆಗೆಲಸ ಮಾಡುತ್ತೇನಲ್ಲ, ನನಗೆ ಅದು ಸಾಕು ತಾನೇ ಎಂದು ಹೆಂಡತಿ ನಡುವೆ ಬಾಯಿ ಹಾಕಿದಳು. ನೆಲ ಉಜ್ಜಿ, ನೀರು ಹೊತ್ತು ಉಸಿರು ಬಿರುಸಾದರೆ ಅದೂ ಲೆಕ್ಕಕ್ಕೆ ಬರುತ್ತದೆ, ನಿಂತು ಪಾತ್ರೆ ಒರೆಸಿದ್ದು ಅಷ್ಟಾಗಿ ಬರುವುದಿಲ್ಲ ಅತ್ತಿಗೆ ಎಂದಾಗ ಅವಳ ಮುಖ ಸಣ್ಣಗಾಯಿತು.

ಅಷ್ಟರಲ್ಲಿ ಸೂಜಿ ಶಾಲೆಯಿಂದ ಬಂದು ಎಂದಿನಂತೆ ಬೆಂಚಿನ ಮೇಲೆ ಕೂತಳು. ದರ್ಜಿ ಅವಳ ಕಡೆ ನೋಡಿ, ಮಕ್ಕಳಿಗೂ ಇದೆಲ್ಲ ಬೇಕಾ, ಅವಳು ಪಾಪ ಇಟ್ಟ ಕಡೆ ಇರುತ್ತಾಳೆ ಎಂದ.

"ಇಟ್ಟ ಕಡೆ ಇರೋದು ಕುರ್ಚಿ ಅಣ್ಣ, ಮಕ್ಕಳಲ್ಲ" ಎಂದಳು ನರ್ಸಮ್ಮ. "ಐದು ವರ್ಷದಿಂದ ಹದಿನೇಳು ವರ್ಷದ ತನಕ ದಿನಾ ಒಂದು ಗಂಟೆ ಮೈ ಆಡ್ಲೇಬೇಕು. ವಾರಕ್ಕೆ ಮೂರು ದಿನ ಆದ್ರೂ ಓಡ್ಬೇಕು, ಜಿಗೀಬೇಕು. ಮೂಳೆ ಗಟ್ಟಿ ಆಗೋ ವಯಸ್ಸೇ ಇದು."

ಓದು ಕೆಡುವುದಿಲ್ಲವೇ ಎಂದು ದರ್ಜಿ ಅನುಮಾನಿಸಿದ. ಕೆಡುವುದಿರಲಿ, ಮೈ ಆಡಿದ ಮಕ್ಕಳಿಗೆ ಗಮನ ಹೆಚ್ಚು, ನಿದ್ದೆಯೂ ಚೆನ್ನಾಗಿ ಬರುತ್ತದೆ ಎಂದಳು ಅವಳು. ಆಗ ಬೆಂಚಿನ ಮೇಲಿದ್ದವಳು ಮೊಬೈಲಿನಿಂದ ಕಣ್ಣು ತೆಗೆಯದೆ, ತಾನು ಆಟದ ಹೊತ್ತಿನಲ್ಲಿ ಬ್ಯಾಗು ಕಾಯುವ ವಿಷಯ ಹೇಳಿದಳು. ಹವಾಮಾನ ವರದಿ ಓದಿದ ಹಾಗೆ ಹೇಳಿದಳು. ಇಷ್ಟು ದಿನ ಗಿರಾಕಿಗಳ ಮುಂದೆ ಹೊಗಳಿಕೊಂಡಿದ್ದು ಇದನ್ನೇನಾ ಎಂದು ದರ್ಜಿಗೆ ನಾಚಿಕೆಯಾಯಿತು.

ಮಾರನೆಯ ದಿನವೇ ಆಸ್ಪತ್ರೆಗೆ ಹೋಗಿ ರಕ್ತದೊತ್ತಡ, ಸಕ್ಕರೆ ಪರೀಕ್ಷೆ ಮಾಡಿಸಿದ. ಬಹುಕಾಲ ಕೂತೇ ಇದ್ದವರು, ಬೇರೆ ಕಾಯಿಲೆ ಇರುವವರು ಮೊದಲು ಒಮ್ಮೆ ಡಾಕ್ಟರಿಗೆ ತೋರಿಸಿಕೊಳ್ಳುವುದು ಒಳ್ಳೆಯದು ಎಂದು ನರ್ಸಮ್ಮ ಹೇಳಿದ್ದಳು. ನಿಧಾನವಾಗಿ ಶುರುಮಾಡಿ, ಏನೂ ಭಯವಿಲ್ಲ ಎಂದರು ಡಾಕ್ಟರು.

ಮೊದಲ ದಿನ ಬೀದಿಯ ಕೊನೆಯವರೆಗೆ ಹೋಗಿ ಬಂದದ್ದು ಹತ್ತೇ ನಿಮಿಷ. ಆದರೆ ಅದೇನು ಸುಲಭವೇ? ಟೈಲರಣ್ಣ ನೆಲದ ಮೇಲೆ ನಡೆಯುವುದನ್ನು ಆ ಬೀದಿ ಕಂಡೇ ಇರಲಿಲ್ಲ. ಅದೂ ಬಿರುಸು ನಡಿಗೆ. ಹಾಲಿನಂಗಡಿಯವನು ಓಡಿ ಬಂದು, ಯಾರಿಗೆ ಏನಾಯಿತಣ್ಣ ಎಂದು ವಿಚಾರಿಸಿದ. ಚಪ್ಪಲಿ ರಿಪೇರಿಯವನು ಅಂಗಡಿಗೆ ಬೆಂಕಿ ಬಿತ್ತಾ ಎಂದು ಕೂಗಿದ. ಅಜ್ಜಿಯೊಬ್ಬಳು ಏನನ್ನೂ ಕೇಳದೆ ತಾನೂ ಗಾಬರಿಯಿಂದ ಅವನ ಹಿಂದೆ ನಾಲ್ಕು ಹೆಜ್ಜೆ ಓಡಿದಳು. ಸಂಜೆಯ ನಡಿಗೆಗೆ ಹೆಂಡತಿಯೂ ಜೊತೆಯಾದಳು. ಉಸಿರಿನ ಅಳತೆ ನೋಡಬೇಕು, ಒಂದು ಹಾಡು ಹೇಳಲಾ ಎಂದು ಅವನು ಕೇಳಿದರೆ, ಬೇಡ ಮಾರಾಯರೇ, ಬೀದಿಯ ಜನ ನಮಗೇನು ಅನ್ಯಾಯ ಮಾಡಿದ್ದಾರೆ ಎಂದಳು.

ಬಾಬಿನ್ ಡಬ್ಬಿಯ ಗತಿಯನ್ನೂ ಹೆಂಡತಿಯೇ ತೀರ್ಮಾನಿಸಿದಳು. ಅದನ್ನು ಎತ್ತಿಕೊಂಡು ಹೋಗಿ ಮೇಲಿನ ಅಡುಗೆಮನೆಯ ಕಿಟಕಿಯಲ್ಲಿಟ್ಟಳು. ದಾರ ಮುಗಿದಾಗಲೆಲ್ಲ ಹದಿನೆಂಟು ಮೆಟ್ಟಿಲು ಹತ್ತಬೇಕು, ಒಂದೇ ಬಾಬಿನ್ ತರಬೇಕು, ಎರಡು ತಂದರೆ ಮಧ್ಯಾಹ್ನದ ಊಟಕ್ಕೆ ಕತ್ತರಿ. ಅವನು ಗೊಣಗಿದ, ಹೇಳಿದ ದಿನಕ್ಕೆ ಬಟ್ಟೆ ಕೊಡಲಾಗದೆ ನನ್ನ ಮಾನ ಹೋಗುತ್ತದೆ ಎಂದ. ಎರಡು ವಾರ ನೋಡಿದರೆ ಒಂದು ಅಂಗಿಯೂ ತಡವಾಗಿರಲಿಲ್ಲ. ಆಗಾಗ ಎದ್ದು ಬಂದು ಕೂತದ್ದರಿಂದ ಬೆನ್ನು ಹಿಡಿಯುತ್ತಿರಲಿಲ್ಲ, ಸಂಜೆ ಕಣ್ಣು ಮಂಜಾಗುತ್ತಿರಲಿಲ್ಲ, ತಪ್ಪು ಹೊಲಿದು ಬಿಚ್ಚುವುದೂ ಕಡಿಮೆಯಾಯಿತು.

ಇನ್ನು ಎಲ್ಲವೂ ಸಲೀಸು ಎಂದುಕೊಳ್ಳಬೇಡಿ. ಮೂರನೆಯ ವಾರ ಮಳೆ ಹಿಡಿಯಿತು, ಮೊಣಕಾಲು ಕುಂಯ್ ಎಂದಿತು, ಅವನು ನಡಿಗೆ ನಿಲ್ಲಿಸಿದ. ಒಂದು ದಿನ ಎಂದದ್ದು ಐದು ದಿನವಾಯಿತು. ಆರನೆಯ ದಿನ ಸಂಜೆ ಮಷೀನು ನಿಲ್ಲಿಸಿದಾಗ ಹಿಂದಿನ ಓಣಿಯಿಂದ ಹಗ್ಗ ನೆಲಕ್ಕೆ ಬಡಿಯುವ ಸದ್ದು ಕೇಳಿಸಿತು. ಜೊತೆಗೆ ಸಣ್ಣ ದನಿಯ ಎಣಿಕೆ. ಒಂದು, ಎರಡು, ಹನ್ನೊಂದಕ್ಕೆ ತಪ್ಪಿತು. ಮತ್ತೆ ಒಂದರಿಂದ. ಈ ಸಲ ಹದಿಮೂರು. ದರ್ಜಿ ಬಾಗಿಲ ಮರೆಯಿಂದ ನೋಡಿದ. ಸೂಜಿ ಒಬ್ಬಳೇ ಹಗ್ಗದಾಟ ಆಡುತ್ತಿದ್ದಳು. ಮುಖ ಕೆಂಪೇರಿತ್ತು, ಕೂದಲು ಹಣೆಗಂಟಿತ್ತು, ಮೊಬೈಲು ಬೆಂಚಿನ ಮೇಲೇ ಬಿದ್ದಿತ್ತು. ಅಪ್ಪ ನಡೆಯತೊಡಗಿದ ದಿನದಿಂದ ಅವಳೂ ಗುಟ್ಟಾಗಿ ಶುರುಮಾಡಿದ್ದಳು, ಅಪ್ಪ ನಿಲ್ಲಿಸಿದರೂ ಅವಳು ನಿಲ್ಲಿಸಿರಲಿಲ್ಲ. ದರ್ಜಿ ಕತ್ತರಿ ಕೆಳಗಿಟ್ಟು ಚಪ್ಪಲಿ ಮೆಟ್ಟಿಕೊಂಡ.

ಆ ಹೊತ್ತಿನಿಂದ ಅವನು ಹಿಂದೆ ನೋಡಲಿಲ್ಲ. ಬಟ್ಟೆಗೆ ಗೆರೆ ಎಳೆಯುವ ಸೀಮೆಸುಣ್ಣದಲ್ಲಿ ಓಣಿಯ ಕಲ್ಲುಗಳ ಮೇಲೆ ಕುಂಟಾಟದ ಚೌಕಗಳನ್ನು ಬರೆದುಕೊಟ್ಟ. ದರ್ಜಿ ಬರೆದ ಚೌಕ ಅಂದ ಮೇಲೆ ಕೇಳಬೇಕೆ, ಅಳತೆಯಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಅಕ್ಕಪಕ್ಕದ ಮಕ್ಕಳು ಒಬ್ಬೊಬ್ಬರಾಗಿ ಸೇರಿಕೊಂಡರು. ಸೂಜಿ ಶಾಲೆಗೆ ನಡೆದೇ ಹೋಗತೊಡಗಿದಳು, ಹೋಗಲು ಕಾಲು ಗಂಟೆ, ಬರಲು ಕಾಲು ಗಂಟೆ, ಓಣಿಯಲ್ಲಿ ಅರ್ಧ ಗಂಟೆಯ ಆಟ, ಅಲ್ಲಿಗೆ ದಿನದ ಒಂದು ಗಂಟೆ ತುಂಬಿತು. ಎಂಟನೆಯ ವಾರಕ್ಕೆ ಅವಳ ಹಗ್ಗದೆಣಿಕೆ ನೂರು ದಾಟಿತು. ಶಾಲೆಯಲ್ಲಿ ಬ್ಯಾಗುಗಳನ್ನು ಯಾರು ಕಾಯುತ್ತಿದ್ದಾರೆ ಈಗ ಎಂದು ದರ್ಜಿ ಕೇಳಿದ. ಮರ ಕಾಯುತ್ತಿದೆ ಎಂದಳು.

ಗುಡ್ಡದ ದಿನ ಬಂತು. ನಲವತ್ತು ಮಕ್ಕಳು, ನಲವತ್ತು ಹಿರಿಯರು. ಓಟದ ಪಂದ್ಯವಲ್ಲ, ದಣಿದರೆ ನಿಂತು ಉಸಿರು ತೆಗೆದುಕೊಂಡು ಹತ್ತಿ ಎಂದು ನರ್ಸಮ್ಮ ಮೊದಲೇ ಎಚ್ಚರಿಸಿದ್ದಳು. ದರ್ಜಿ ನೂರರವರೆಗೆ ಮಗಳ ಪಕ್ಕದಲ್ಲೇ ಹತ್ತಿದ. ನೂರ ಅರವತ್ತಕ್ಕೆ ಒಮ್ಮೆ ನಿಂತು ಸುಧಾರಿಸಿಕೊಂಡ. ಇನ್ನೂರ ತೊಂಬತ್ತಕ್ಕೆ ಮತ್ತೆ ನಿಂತಾಗ ಸೂಜಿ ಸುಮಾರು ಮೂವತ್ತು ಮೆಟ್ಟಿಲು ಮುಂದಿದ್ದಳು. ತಿರುಗಿ ನೋಡಿದವಳು ಟಕಟಕನೆ ಇಳಿದು ಬಂದು ಅವನ ಪಕ್ಕ ನಿಂತಳು. ಅಲ್ಲೇ ಕಾಯಬಹುದಿತ್ತಲ್ಲ ಪುಟ್ಟಿ ಎಂದ ದರ್ಜಿ.

"ಪರವಾಗಿಲ್ಲಪ್ಪ. ನನಗೆ ಇನ್ನೊಂದ್ಸಲ ಹತ್ತೋಕೆ ಆಗುತ್ತೆ" ಎಂದಳು ಸೂಜಿ.

ಉಳಿದ ನೂರ ಇಪ್ಪತ್ತೆರಡನ್ನು ಇಬ್ಬರೂ ಕೈ ಹಿಡಿದು ಹತ್ತಿದರು. ತುದಿ ಮುಟ್ಟಿದಾಗ ಅವಳು ಗೆಳತಿಯರ ಮುಂದೆ ಅಪ್ಪನನ್ನು ನಿಲ್ಲಿಸಿ, ಇವರೇ ನಮ್ಮಪ್ಪ, ನಾವೆಲ್ಲ ಹಾಕಿಕೊಂಡಿದ್ದೇವಲ್ಲ, ಈ ಸಮವಸ್ತ್ರವನ್ನೆಲ್ಲ ಹೊಲಿದದ್ದು ಇವರೇ ಎಂದಳು. ಅವಳ ದನಿಯಲ್ಲಿದ್ದ ಹೆಮ್ಮೆ ಕೇಳಿ ಅವನ ಕಣ್ಣು ತುಂಬಿತು. ತುಂಬಲಿ ಬಿಡಿ, ಅಷ್ಟು ಮೆಟ್ಟಿಲು ಹತ್ತಿದ ಗಂಡಸು ಒಂದೆರಡು ಹನಿ ಹಾಕಿದರೆ ತಪ್ಪೇನೂ ಇಲ್ಲ.

ಮಕ್ಕಳು ಕೆಳಗೆ ಕಾಣುತ್ತಿದ್ದ ಶಾಲೆಯ ಕಡೆ ತಿರುಗಿ ಎರಡೂ ಕೈ ಎತ್ತಿ ಬೀಸಿದರು. ದರ್ಜಿ ನೋಡಿದ. ನಲವತ್ತು ಅಂಗಿಗಳೂ ಒಮ್ಮೆಲೇ ಸೊಂಟದಿಂದ ಕಿತ್ತು ಮೇಲೆ ಬಂದವು. ಕಂಕುಳ ಕೆಳಗೆ ಬಟ್ಟೆ ಬಿಗಿದು ತೋಳುಗಳು ಅರ್ಧಕ್ಕೇ ನಿಂತವು. ಎಲ್ಲೋ ಒಂದು ಹೊಲಿಗೆ ಪರ್ ಎಂದು ಬಿಚ್ಚಿತು. ತನ್ನ ಅಂಗಿಗಳನ್ನು ಅವನು ಇದುವರೆಗೂ ಹ್ಯಾಂಗರಿನಲ್ಲಿ ನೋಡಿದ್ದ, ನೆಟ್ಟಗೆ ನಿಂತ ಮಕ್ಕಳ ಮೈಮೇಲೆ ನೋಡಿದ್ದ. ಆಡುವ ಮೈಮೇಲೆ ನೋಡಿದ್ದು ಅದೇ ಮೊದಲು. ಯಾವಾಗಲೂ ಹೀಗೇನಾ ಎಂದು ಮಗಳನ್ನು ಕೇಳಿದ. ಹೌದು, ಅದಕ್ಕೇ ಯಾರೂ ಪೂರ್ತಿ ಕೈ ಎತ್ತುವುದಿಲ್ಲ ಎಂದಳು ಸೂಜಿ. ಇಳಿಯುವಾಗ ದರ್ಜಿಯ ಬೆರಳುಗಳು ಗಾಳಿಯಲ್ಲಿ ಏನನ್ನೋ ಕತ್ತರಿಸುತ್ತಿದ್ದವು.

ಮುಂದಿನ ವರ್ಷದ ಸಮವಸ್ತ್ರಕ್ಕೆ ಅಳತೆ ಕೊಡಲು ಮಕ್ಕಳು ಬಂದಾಗ ಅಂಗಡಿಯಲ್ಲಿ ಹೊಸ ಪದ್ಧತಿ ಶುರುವಾಗಿತ್ತು. ನೆಟ್ಟಗೆ ನಿಲ್ಲು, ಅಲ್ಲಾಡಬೇಡ ಎನ್ನುತ್ತಿದ್ದ ದರ್ಜಿ ಈಗ, ಕೈ ಎತ್ತು, ಬಗ್ಗು, ಮೂರು ಸಲ ಜಿಗಿ ಎನ್ನುತ್ತಿದ್ದ, ಆಮೇಲೆ ಟೇಪು ಹಿಡಿಯುತ್ತಿದ್ದ. ಕೈ ಎತ್ತಿದರೂ ಬಿಗಿಯದಂತೆ ಕಂಕುಳ ಕೆಳಗೆ ಬಟ್ಟೆಯ ಪುಟ್ಟ ಚೌಕವೊಂದನ್ನು ಸೇರಿಸಿ ಹೊಲಿದ. ಶಾಲೆಯ ಹೆಡ್‌ಮೇಡಂ ಅಂಗಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಇದು ಯಾತಕ್ಕೆ, ಮೊದಲಿನದೇ ನೀಟಾಗಿತ್ತಲ್ಲ ಎಂದು ಆಕ್ಷೇಪಿಸಿದರು.

ದರ್ಜಿ ಸ್ಟೂಲಿನಿಂದ ಎದ್ದು ನಿಂತು ಉತ್ತರ ಕೊಟ್ಟ. "ಇಷ್ಟು ವರ್ಷ ನಾನು ನಿಂತ ಮಕ್ಕಳಿಗೆ ಹೊಲಿದೆ ಮೇಡಂ. ಇವು ಓಡೋ ಮಕ್ಕಳ ಅಂಗಿ."

ಕೇಳಿದಿರಲ್ಲ, ಇನ್ನು ನಿಮ್ಮ ಸರದಿ. ಈ ಕಥೆಯನ್ನೂ ನೀವು ಕೂತೇ ಕೇಳಿರುತ್ತೀರಿ ಎಂದು ನನಗೆ ಗೊತ್ತು. ದೊಡ್ಡವರಾದರೆ ವಾರಕ್ಕೆ ನೂರೈವತ್ತು ನಿಮಿಷ ಬಿರುಸಾಗಿ ನಡೆಯಿರಿ, ಎರಡು ದಿನ ಮೈಗೆ ಬಲ ಬರುವ ಕೆಲಸ ಮಾಡಿ. ಮನೆಯ ಅಜ್ಜ ಅಜ್ಜಿಯರನ್ನೂ ಮೂಲೆಯಲ್ಲಿ ಕೂರಿಸಬೇಡಿ. ಅವರೂ ಕೈಲಾದಷ್ಟು ನಡೆಯಲಿ, ವಾರಕ್ಕೆ ಮೂರು ದಿನ ಕುರ್ಚಿ ಹಿಡಿದು ಒಂಟಿಕಾಲಿನಲ್ಲಿ ನಿಲ್ಲುವಂಥ ಅಭ್ಯಾಸ ಮಾಡಲಿ, ಬೀಳುವ ಭಯ ಕಡಿಮೆಯಾಗುತ್ತದೆ. ಮಕ್ಕಳನ್ನು ದಿನಕ್ಕೆ ಒಂದು ಗಂಟೆ ಓಡಲು, ಜಿಗಿಯಲು, ಬೆವರಲು ಬಿಡಿ. ಅಷ್ಟು ಇವತ್ತೇ ಆಗದಿದ್ದರೆ ಹತ್ತು ನಿಮಿಷದಿಂದ ಶುರುಮಾಡಿ, ಏನೂ ಮಾಡದಿರುವುದಕ್ಕಿಂತ ಅದು ಎಷ್ಟೋ ಮೇಲು. ನೋಡಿ, ನಿಮ್ಮ ಮನೆಯ ಮಗು ಬಾಗಿಲಲ್ಲಿ ನಿಂತು ನಿಮ್ಮನ್ನೇ ನೋಡುತ್ತಿದೆ. ಏಳಿ, ಚಪ್ಪಲಿ ಮೆಟ್ಟಿಕೊಳ್ಳಿ, ಅದರ ಜೊತೆ ಹೊರಡಿ.